ತಳೇವಾಡಿಯ ಬಾವಲಿ ಮತ್ತು 98 ವರ್ಷ

ಇವತ್ತಿನ ಸಂಚಿಕೆಯಲ್ಲಿ ಯುದ್ಧ ಇಲ್ಲ, ರಾಜರು ಇಲ್ಲ. ಒಂದು ಕೋಟೆ ಬರುತ್ತದೆ, ಆದರೆ ಹೆಸರಿಗೆ ಮಾತ್ರ. ಇವತ್ತು ಹೇಳಬೇಕಾಗಿರೋದು ಒಂದು ಬಾವಲಿಯ ಕಥೆ. ಬಾವಲಿ ಅಂದ ತಕ್ಷಣ ಮುಂದಿನ ಸಂಚಿಕೆಗೆ ಹೋಗಬ್ಯಾಡ್ರಿ, ಸ್ವಲ್ಪ ತಡೀರಿ.

ನಾನು ಬೆಳಗಾವಿಯವನು. ನಮ್ಮೂರಿನ ಹೆಸರಿನ ಒಳಗೇ ಒಂದು ಗಿಡ ಕೂತಿದೆ. ಹಳೆಯ ಶಾಸನಗಳಲ್ಲಿ ಈ ಊರು ವೇಣುಗ್ರಾಮ, ವೇಳುಗ್ರಾಮ. ಅಂದ್ರೆ ಬಿದಿರಿನ ಊರು. ಈಗ ಕ್ಯಾಂಪ್ ಭಾಗದಲ್ಲಾಗಲಿ, ಟಿಳಕವಾಡಿಯಲ್ಲಾಗಲಿ ಬಿದಿರು ಹುಡುಕಿದರೆ ಏಣಿ ಮಾರುವ ಅಂಗಡಿಯಲ್ಲಿ ಸಿಗುತ್ತದೆ ಅಷ್ಟೇ. ಬೆಳೆದು ನಿಂತ ಬಿದಿರು ನೋಡಬೇಕಂದ್ರೆ ಖಾನಾಪುರ ದಾಟಬೇಕು. ಶಿರೋಲಿ ದಾಟಿ ಹೆಮ್ಮಡಗಾ ಕಡೆ ರಸ್ತೆ ಹೊರಳುತ್ತಿದ್ದ ಹಾಗೆ ಗಾಳಿಯ ವಾಸನೆಯೇ ಬದಲಾಗುತ್ತದೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಬಸ್ಸಿನಲ್ಲಿ ಆ ಕಡೆ ಹೋದ ನೆನಪಿದೆ. ಕಿಟಕಿಯೊಳಗೆ ಮೋಡ ಬಂತು ಅಂತ ನಾನು ಕೂಗಿದ್ದೆ. ಅದು ಮೋಡ ಅಲ್ಲ, ಮಂಜು ಅಂತ ಅಪ್ಪ ಹೇಳಿದರು. ಈಗ ಯೋಚಿಸಿದರೆ ನಾನು ಹೇಳಿದ್ದೂ ತಪ್ಪಿರಲಿಲ್ಲ ಅನ್ನಿಸ್ತದೆ.

ಆ ಕಾಡಿಗೆ ಈಗ ಭೀಮಗಡ ವನ್ಯಜೀವಿಧಾಮ ಅಂತ ಹೆಸರು. ಸುಮಾರು 190 ಚದರ ಕಿಲೋಮೀಟರ್, ಖಾನಾಪುರ ತಾಲೂಕಿನ ನೈಋತ್ಯದ ಮೂಲೆಯಲ್ಲಿ, ಗೋವಾ ಗಡಿಗೆ ಹತ್ತಿಕೊಂಡು. ಹೆಸರು ಬಂದದ್ದು ಒಳಗಿರುವ ಭೀಮಗಡ ಕೋಟೆಯಿಂದ, ಶಿವಾಜಿಯ ಕಾಲದ್ದು. ಗೋವಾದ ಪೋರ್ಚುಗೀಸರ ಮೇಲೆ ಒಂದು ಕಣ್ಣಿಡಲಿಕ್ಕೆ ಅನುಕೂಲವಾದ ಜಾಗ. ಕೋಟೆಯ ಕಥೆ ಇನ್ನೊಂದು ದಿನಕ್ಕೆ ಇರಲಿ. ನನಗೆ ಬೇಕಾದ್ದು ಕೋಟೆಯ ಸಮೀಪದ ಒಂದು ಹಳ್ಳಿ, ತಳೇವಾಡಿ. ಆ ಹಳ್ಳಿಯ ಹತ್ತಿರ ಸುಣ್ಣಕಲ್ಲಿನ ಗವಿಗಳಿವೆ. ಹೆಸರು ಬಾರಾಪೇಡೆ.

ಈಗ 1911–12ಕ್ಕೆ ಹೋಗೋಣ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅಂತ ಒಂದು ಸಂಸ್ಥೆ, ಇವತ್ತಿಗೂ ಮುಂಬೈಯಲ್ಲಿದೆ. ಅವರು ಆಗ ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿದರು. ಭಾರತ, ಬರ್ಮಾ, ಸಿಲೋನ್ ತುಂಬಾ ಇರುವ ಸಸ್ತನಿಗಳನ್ನು, ಅಂದ್ರೆ ಹಾಲುಣಿಸುವ ಪ್ರಾಣಿಗಳನ್ನು, ಲೆಕ್ಕ ಹಾಕಿ ದಾಖಲಿಸುವ ಕೆಲಸ. ಮ್ಯಾಮಲ್ ಸರ್ವೆ ಅಂತಲೇ ಅದಕ್ಕೆ ಹೆಸರು. ಸರ್ಕಾರ ಪೂರ್ತಿ ದುಡ್ಡು ಕೊಟ್ಟ ಕೆಲಸ ಅಲ್ಲ ಇದು. ಸಂಸ್ಥಾನಿಕರು, ವ್ಯಾಪಾರಿಗಳು, ಅಧಿಕಾರಿಗಳು ಕೊಟ್ಟ ಚಂದಾ ಹಣದಿಂದ ನಡೆದದ್ದು. ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅನ್ನುವವರು ಹಣ ಕೂಡಿಸಿದರು. ಸಂಗ್ರಾಹಕರು ಊರೂರು ತಿರುಗಿ ಇಲಿ, ಅಳಿಲು, ಬಾವಲಿ ಹಿಡಿದು, ಚರ್ಮ ಮತ್ತು ತಲೆಬುರುಡೆ ಒಣಗಿಸಿ, ಚೀಟಿ ಕಟ್ಟಿ ಕಳಿಸಬೇಕು. 1923ರ ಹೊತ್ತಿಗೆ ಸುಮಾರು 25,000 ಮಾದರಿಗಳು ಸೇರಿದವು. ಹೆಚ್ಚಿನವು ಹಡಗು ಹತ್ತಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು.

ಈ ಸರ್ವೆಯ ಮೊದಲ ವರ್ಷಗಳಲ್ಲೇ, ನಮ್ಮ ಕಡೆಯ ಕಾಡಿನಲ್ಲಿ ಓಡಾಡುವಾಗ, ಬಾರಾಪೇಡೆ ಗವಿಯಿಂದ ಒಂದು ವಿಚಿತ್ರ ಬಾವಲಿ ಸಿಕ್ಕಿತು. ಕಿವಿ ಅಂದ್ರೆ ಕಿವಿ! ತಲೆಗಿಂತ ದೊಡ್ಡದು, ಹಣೆಯ ಮೇಲೆ ಎರಡೂ ಕೂಡಿಕೊಂಡು ಟೋಪಿಯ ಅಂಚಿನ ಹಾಗೆ ಮುಂದಕ್ಕೆ ಚಾಚಿವೆ. ಮೈ ಚಾಕಲೇಟ್ ಬಣ್ಣ, ಕುತ್ತಿಗೆಗೆ ಮಸುಕು ಬಿಳಿಯ ಪಟ್ಟಿ. ಬಾಲ ತೊಗಲಿನ ಪರದೆಯಿಂದ ಹೊರಗೆ ಇಲಿಬಾಲದ ಹಾಗೆ ಇಳಿದಿರುತ್ತದೆ. ಹಣ್ಣು ತಿನ್ನುವ ಬಾವಲಿ ಅಲ್ಲ ಇದು, ಹಾರುವ ಹುಳ ಹಿಡಿಯುವ ಬಾವಲಿ.

ಲಂಡನ್ನಿನಲ್ಲಿ ಅದನ್ನು ನೋಡಿದವರು ಓಲ್ಡ್‌ಫೀಲ್ಡ್ ಥಾಮಸ್. ಜೀವಮಾನದಲ್ಲಿ ಸುಮಾರು ಎರಡು ಸಾವಿರ ಪ್ರಾಣಿಗಳಿಗೆ ಹೆಸರಿಟ್ಟ ಮನುಷ್ಯ ಅವರು. ನಮ್ಮಲ್ಲಿ ಮಕ್ಕಳಿಗೆ ಹೆಸರು ಹುಡುಕೋದೇ ಕಷ್ಟ! 1913ರಲ್ಲಿ ಥಾಮಸ್ ಈ ಬಾವಲಿ ಹೊಸ ಜಾತಿ ಅಂತ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಸರು ಕೊಟ್ಟದ್ದು ಆರ್. ಸಿ. ರಾಟನ್ ಅವರ ಗೌರವಕ್ಕೆ. ರಾಟನ್ ಬಾಂಬೆ ಪ್ರಾಂತ್ಯದ ಅರಣ್ಯ ಅಧಿಕಾರಿಯಾಗಿ ನಿವೃತ್ತರಾಗಿ ಲಂಡನ್ನಿಗೆ ಹೋಗಿ, ಈ ಸರ್ವೆಯ ಮಾದರಿಗಳನ್ನು ಕೂತು ವಿಂಗಡಿಸುತ್ತಿದ್ದವರು. ಹೀಗಾಗಿ ಅದು ರಾಟನ್ನನ ಬಿಡುಬಾಲದ ಬಾವಲಿ.

ಇಷ್ಟಕ್ಕೇ ಮುಗಿಯಲಿಲ್ಲ. ಈ ಬಾವಲಿ ಎಷ್ಟು ಬೇರೆ ಅನ್ನಿಸಿತು ಅಂದ್ರೆ ಥಾಮಸ್ ಅದೇ ವರ್ಷ ಅದಕ್ಕಾಗಿ ಒಂದು ಕುಲವನ್ನೇ ಹೊಸದಾಗಿ ಮಾಡಿದರು, ಆಟೋಮಾಪ್ಸ್ ಅಂತ. ಆಫ್ರಿಕಾದ, ಮಡಗಾಸ್ಕರಿನ, ನ್ಯೂ ಗಿನಿಯ ದೊಡ್ಡಕಿವಿಯ ಬಾವಲಿಗಳನ್ನೆಲ್ಲ ಇವತ್ತು ಇದೇ ಕುಲದಲ್ಲಿ ಸೇರಿಸಿದ್ದಾರೆ. ಆ ಕುಲಕ್ಕೆಲ್ಲ ಅಳತೆಗೋಲು ಯಾವುದು? ತಳೇವಾಡಿಯ ಬಾವಲಿ. ವಿಜ್ಞಾನದಲ್ಲಿ ಒಂದು ಪದ್ಧತಿ ಇದೆ. ಒಂದು ಜೀವಿಗೆ ಮೊದಲ ಸಲ ಹೆಸರಿಡುವಾಗ ಯಾವ ಮಾದರಿ ಇಟ್ಟುಕೊಂಡು ಇಟ್ಟರೋ, ಅದು ಸಿಕ್ಕ ಜಾಗ ಆ ಜೀವಿಯ ಮೂಲ ವಿಳಾಸ ಆಗಿಬಿಡುತ್ತದೆ. ಆಮೇಲೆ ಅದು ಬದಲಾಗೋದಿಲ್ಲ. ಹಂಗಾಗಿ ಜಗತ್ತಿನ ಯಾವುದೇ ಮೂಲೆಯಲ್ಲಿ ಬಾವಲಿಗಳ ಪಟ್ಟಿ ತೆಗೆದರೂ ಅಲ್ಲಿ ಬರೆದಿರುತ್ತದೆ: ಬಾರಾಪೇಡೆ ಗವಿ, ತಳೇವಾಡಿ ಹತ್ತಿರ. ನಮ್ಮ ಜಿಲ್ಲೆಯ ನಕ್ಷೆಯಲ್ಲೂ ಹುಡುಕಿ ಹುಡುಕಿ ನೋಡಬೇಕಾದ ಊರು ಅದು.

ಸುಮಾರು ತೊಂಬತ್ತು ವರ್ಷ ಈ ಬಾವಲಿಗೆ ಇದೊಂದೇ ವಿಳಾಸ ಇತ್ತು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ ಅಂತಲೇ ತಿಳಿದಿದ್ದರು. 2000ದ ಆಸುಪಾಸಿನಲ್ಲಿ ಕಾಂಬೋಡಿಯಾದಲ್ಲಿ ಒಂದು ಸಿಕ್ಕಿತು, ಆಮೇಲೆ ಮೇಘಾಲಯದಲ್ಲಿ. ಅಲ್ಲಿನ ಜೈಂತಿಯಾ ಬೆಟ್ಟಗಳ ಗವಿಗಳಲ್ಲಿ ಇನ್ನಷ್ಟು ಗುಂಪುಗಳು ಕಂಡವು. ಬೆಳಗಾವಿಯಿಂದ ಮೇಘಾಲಯಕ್ಕೆ ನಡುವೆ ಇಡೀ ದೇಶವೇ ಇದೆ. ನಡುವೆ ಎಲ್ಲಿದ್ದವೋ, ಹೇಗೆ ಉಳಿದವೋ.

ಇಲ್ಲೊಂದು ಸಣ್ಣ ಅಡ್ಡದಾರಿ. ನಮ್ಮ ದೇಶದ ವನ್ಯಜೀವಿ ಕಾಯ್ದೆ 1972ರದ್ದು. ಅದರಲ್ಲಿ ಹಣ್ಣು ತಿನ್ನುವ ಬಾವಲಿಗಳನ್ನು ಎಲ್ಲಿ ಸೇರಿಸಿದ್ದರು ಗೊತ್ತೇನು? ಐದನೆಯ ಅನುಸೂಚಿಯಲ್ಲಿ, ಕಾಗೆ, ಇಲಿಗಳ ಜೊತೆ, ಉಪದ್ರವಿ ಪ್ರಾಣಿ ಅಂತ. ಯಾರು ಬೇಕಾದರೂ ಕೊಲ್ಲಬಹುದು. 2022ರ ತಿದ್ದುಪಡಿ ಬರುವವರೆಗೂ ಹಾಗೇ ಇತ್ತು. ಆ ಕಾಲದಲ್ಲಿ ಹುಲಿಯ ಸಮಕ್ಕೆ ಮೊದಲ ಅನುಸೂಚಿಯಲ್ಲಿ ಜಾಗ ಸಿಕ್ಕಿದ್ದು ಎರಡೇ ಎರಡು ಬಾವಲಿಗಳಿಗೆ. ಒಂದು ದಕ್ಷಿಣದ ಕಾಡಿನ ಸಲೀಂ ಅಲಿ ಬಾವಲಿ, ಇನ್ನೊಂದು ನಮ್ಮ ಈ ತಳೇವಾಡಿಯದು.

ಸರಿ. ಬಾವಲಿಗೆ 1913ರಲ್ಲಿ ಹೆಸರು ಬಂತು. ಕಾಡಿಗೆ ವನ್ಯಜೀವಿಧಾಮ ಅನ್ನುವ ರಕ್ಷಣೆ ಬಂದದ್ದು 2011ರ ಡಿಸೆಂಬರಿನಲ್ಲಿ. ಲೆಕ್ಕ ಹಾಕಿ, 98 ವರ್ಷ. ಆ 98 ವರ್ಷ ಆ ಕಾಡು ಯಾರ ಲೆಕ್ಕದಲ್ಲಿತ್ತು? ನನ್ನ ಮಟ್ಟಿಗೆ ಇವತ್ತಿನ ಸಂಚಿಕೆಯ ನಿಜವಾದ ಪ್ರಶ್ನೆ ಇದು.

ಇದಕ್ಕೆ ಉತ್ತರ ಹುಡುಕಲಿಕ್ಕೆ ಸ್ವಲ್ಪ ದೂರ ಹೋಗಬೇಕಾಗುತ್ತದೆ. ವೆಸ್ಟ್ ಇಂಡೀಸ್ ಅಂದ್ರೆ ನಮಗೆ ಕ್ರಿಕೆಟ್. ಅಲ್ಲಿ ಟ್ರಿನಿಡಾಡಿನ ಪಕ್ಕದಲ್ಲಿ ಟೊಬ್ಯಾಗೊ ಅನ್ನುವ ಪುಟ್ಟ ದ್ವೀಪ ಇದೆ. ಅದರ ನಡುಬೆನ್ನಿನ ಬೆಟ್ಟದ ಕಾಡನ್ನು 1776ರಲ್ಲಿ ಕಾನೂನು ಮಾಡಿ ಮೀಸಲಿಟ್ಟರು. ಅಮೆರಿಕ ಖಂಡಗಳ ಕಡೆ ಕಾನೂನಿನ ರಕ್ಷಣೆ ಪಡೆದ ಅತ್ಯಂತ ಹಳೆಯ ಕಾಡು ಅದೇ ಅನ್ನುತ್ತಾರೆ. ಯಾಕೆ ಮೀಸಲಿಟ್ಟರು? ಹಕ್ಕಿಗಾಗಿ ಅಲ್ಲ, ಪ್ರಾಣಿಗಾಗಿ ಅಲ್ಲ. ಕಾಡು ಮಳೆಯನ್ನು ಕರೆಯುತ್ತದೆ ಅಂತ. ಸ್ಟೀಫನ್ ಹೇಲ್ಸ್ ಅನ್ನುವ ವಿಜ್ಞಾನಿ ಗಿಡಗಳು ನೀರನ್ನು ಹೀರಿ ಗಾಳಿಗೆ ಬಿಡುವುದನ್ನು ಅಳೆದು ತೋರಿಸಿದ್ದರು. ಅವರ ವಿಚಾರ ಹಿಡಿದುಕೊಂಡು ಸೋಮ್ ಜೆನಿನ್ಸ್ ಅನ್ನುವ ಬ್ರಿಟಿಷ್ ಸಂಸದ ಈ ಕಾನೂನಿಗಾಗಿ ವರ್ಷಗಟ್ಟಲೆ ಹಟ ಹಿಡಿದರು. ಆ ಮಳೆ ಬೇಕಾದದ್ದು ಯಾರಿಗೆ? ಕೆಳಗಿನ ಕಬ್ಬಿನ ತೋಟಗಳಿಗೆ. ತೋಟದಲ್ಲಿ ದುಡಿಯುತ್ತಿದ್ದವರು ಯಾರು? ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಕಾಡು ಉಳಿಯಿತು, ನಿಜ. ಅಲ್ಲಿನ ಬಿಳಿಬಾಲದ ಒಂದು ಝೇಂಕಾರದ ಹಕ್ಕಿ 1963ರ ಫ್ಲೋರಾ ಚಂಡಮಾರುತದ ನಂತರ ಸತ್ತೇ ಹೋಯಿತು ಅಂದುಕೊಂಡಿದ್ದರು. 1974ರಲ್ಲಿ ಮತ್ತೆ ಕಂಡಿತು, ಆ ಮೀಸಲು ಕಾಡು ಇದ್ದದ್ದಕ್ಕೇ. ಒಳ್ಳೆಯದಾಯಿತು. ಆದರೆ ಕಾನೂನು ಬರೆದವರ ಮನಸ್ಸಿನಲ್ಲಿ ಆ ಹಕ್ಕಿ ಇರಲಿಲ್ಲ ಅನ್ನುವುದು ನೆನಪಿರಲಿ.

ಅದೇ ವಿಚಾರ ಹಡಗು ಹತ್ತಿ ನಮ್ಮ ಕಡೆಗೂ ಬಂತು. 1847ರಲ್ಲಿ ಬಾಂಬೆ ಪ್ರಾಂತ್ಯಕ್ಕೆ ಮೊದಲ ಅರಣ್ಯ ಸಂರಕ್ಷಣಾಧಿಕಾರಿ ನೇಮಕವಾದರು, ಅಲೆಕ್ಸಾಂಡರ್ ಗಿಬ್ಸನ್. ವೃತ್ತಿಯಿಂದ ಡಾಕ್ಟರ್. ಬೆಳಗಾವಿ ಆಗ ಬಾಂಬೆ ಪ್ರಾಂತ್ಯದಲ್ಲಿತ್ತು, ಗೊತ್ತಿದ್ದದ್ದೇ. ಘಟ್ಟದ ಕಾಡು ಕಡಿದರೆ ಹಳ್ಳ ಬತ್ತುತ್ತದೆ ಅನ್ನುವ ಮಾತನ್ನು ಸರ್ಕಾರಕ್ಕೆ ಮತ್ತೆ ಮತ್ತೆ ಬರೆದವರು ಇವರು. ನಿಕೋಲಸ್ ಡಾಲ್ಜೆಲ್ ಜೊತೆ ಸೇರಿ 1861ರಲ್ಲಿ 'ಬಾಂಬೆ ಫ್ಲೋರಾ' ಅನ್ನುವ ಗಿಡಮರಗಳ ಪುಸ್ತಕವನ್ನೂ ಹೊರತಂದರು. ಡಾಲ್ಜೆಲ್ಲೇ ಗಿಬ್ಸನ್ ನಂತರ ಆ ಹುದ್ದೆಗೆ ಬಂದದ್ದು. ಆಮೇಲೆ 1901ರಿಂದ 1908ರ ನಡುವೆ ಥಿಯೋಡರ್ ಕುಕ್ ಬರೆದ ದೊಡ್ಡ ಗ್ರಂಥದಲ್ಲಂತೂ ಗಿಡದ ಹೆಸರಿನ ಮುಂದೆ ಬೆಳಗಾಂವ್, ಬೆಳಗಾಂವ್ ಅಂತ ಎಷ್ಟು ಕಡೆ ಬರುತ್ತದೋ ಲೆಕ್ಕ ಇಲ್ಲ.

ಗಿಬ್ಸನ್ ಕೆಟ್ಟವರಿರಲಿಲ್ಲ, ದೂರದೃಷ್ಟಿ ಇದ್ದವರು. ಆದರೆ ಆ ವಿಚಾರದ ಇನ್ನೊಂದು ಮುಖ ಕುಮರಿ ಬೇಸಾಯಗಾರರ ಮೇಲೆ ಬಿತ್ತು. ಕುಮರಿ ಅಂದ್ರೆ ಗುಡ್ಡದ ತುಂಡೊಂದನ್ನು ಕಡಿದು ಸುಟ್ಟು, ರಾಗಿ ಬಿತ್ತಿ, ಒಂದೆರಡು ವರ್ಷಕ್ಕೆ ಬಿಟ್ಟು, ಮುಂದಿನ ತುಂಡಿಗೆ ಹೋಗುವುದು. ಕಾಡು ಹಾಳಾಗಲು ಅವರೇ ಕಾರಣ ಅಂತ ಹತ್ತೊಂಬತ್ತನೇ ಶತಮಾನದುದ್ದಕ್ಕೂ ಅವರನ್ನು ಹತ್ತಿಕ್ಕಿದರು. 1878ರ ಅರಣ್ಯ ಕಾಯ್ದೆ ಬಂದಮೇಲೆ ಮೀಸಲು ಅರಣ್ಯ ಅನ್ನುವ ಗೆರೆ ಬಿತ್ತು. ಅದೇ ಹೊತ್ತಿನಲ್ಲಿ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಮೊರ್ಮುಗೋವಾ ಬಂದರಿಗೆ ರೈಲು ಹಾದಿ ಬಂತು, 1880ರ ದಶಕದ ಕೊನೆಗೆ. ಹಳಿಗಳ ಕೆಳಗಿನ ಅಡ್ಡಪಟ್ಟಿಗೆ ಮರ ಬೇಕು, ಸೇತುವೆಗೆ ಮರ ಬೇಕು. ಕುಮರಿಯವನ ಕೊಡಲಿ ತಪ್ಪು, ರೈಲಿನ ಕೊಡಲಿ ಸರಿ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡೋದಿಲ್ಲ.

ಇಷ್ಟೆಲ್ಲ ಆಗಿಯೂ ಆ ಕಾಡಿನಲ್ಲಿ ಏನು ಉಳಿದಿದೆ ನೋಡ್ರಿ. ನೇರಳೆ, ಅಂಜನಿ, ಮತ್ತಿ, ನಂದಿ, ಹೊನ್ನೆ. ಗುಡ್ಡದ ಇಳಿಜಾರಿನಲ್ಲಿ ಕಾರ್ವಿ, ಏಳೆಂಟು ವರ್ಷಕ್ಕೊಮ್ಮೆ ಒಟ್ಟಿಗೇ ಹೂ ಬಿಟ್ಟು ಒಟ್ಟಿಗೇ ಸಾಯುವ ಗಿಡ. ಮುರುಗಲು, ಅದನ್ನೇ ಖಾನಾಪುರದ ಸಂತೆಯಲ್ಲಿ ಒಣಗಿಸಿ ಆಮಸೋಲ ಅಂತ ಮಾರುತ್ತಾರೆ, ನಮ್ಮ ಮನೆಯ ಸಾರಿಗೆ ಅದೇ ಹುಳಿ. ಕೆಂಜಳಿಲು, ಮರಾಠಿಯವರ ಶೇಕರು. ಕಾಡುಕೋಣ, ಕರಡಿ, ಕೆನ್ನಾಯಿ, ಕಾಳಿಂಗ ಸರ್ಪ, ದೊಡ್ಡ ಮಂಗಟ್ಟೆ. ಕಪ್ಪು ಚಿರತೆಯೂ ಇದೆ. ಹುಲಿ ಕಾಳಿ ಕಡೆಯಿಂದ ಇಲ್ಲಿಗೆ, ಇಲ್ಲಿಂದ ಗೋವಾದ ಮಹದಾಯಿ ಅಭಯಾರಣ್ಯಕ್ಕೆ ಓಡಾಡುತ್ತದೆ. 2020ರ ಜನವರಿಯಲ್ಲಿ ಗೋವಾ ಭಾಗದಲ್ಲಿ ಒಂದು ತಾಯಿ ಹುಲಿ ಮತ್ತು ಮೂರು ಮರಿಗಳು ವಿಷದಿಂದ ಸತ್ತದ್ದು ನಿಮಗೆ ನೆನಪಿರಬಹುದು. ಗಡಿಯ ಆಚೆ ಸತ್ತರೂ ಅದು ಇದೇ ಕಾಡಿನ ಲೆಕ್ಕ.

ಹೊಸ ಜೀವಿ ಸಿಗೋದು ಇನ್ನೂ ನಿಂತಿಲ್ಲ. 2007ರಲ್ಲಿ ಖಾನಾಪುರ ತಾಲೂಕಿನ ಚೋರ್ಲಾದಲ್ಲಿ ಕಾಲಿಲ್ಲದ, ಎರೆಹುಳದ ಹಾಗೆ ಮಣ್ಣಿನೊಳಗಿರುವ ಒಂದು ಜೀವಿಯನ್ನು ಹೊಸ ಜಾತಿ ಅಂತ ಗುರುತಿಸಿದರು. ಕಪ್ಪೆಯ ದೂರದ ನೆಂಟ ಅದು, ಸಿಸೀಲಿಯನ್ ಅಂತಾರೆ. ಅದರ ವೈಜ್ಞಾನಿಕ ಹೆಸರಿನಲ್ಲಿ ಮಹದಾಯಿ ನದಿಯ ಹೆಸರೇ ಇದೆ. ಪಾಪ, ಅದನ್ನು ಹಾವು ಅಂತ ತಿಳಿದು ಹೊಡೆಯುವವರೇ ಜಾಸ್ತಿ.

ಗಿಡದ ಕಥೆ ಒಂದನ್ನು ಹೇಳಲೇಬೇಕು. ದುರ್ವಾಸನೆ ಮರ ಅಂತ ಒಂದಿದೆ. ಮರಾಠಿಯಲ್ಲಿ ನರಕ್ಯಾ, ಅರಣ್ಯ ಇಲಾಖೆಯವರ ಬಾಯಲ್ಲಿ ಮ್ಯಾಪಿಯಾ. ಹೆಸರೇ ಹೇಳುವ ಹಾಗೆ ಯಾರಿಗೂ ಬೇಡವಾಗಿದ್ದ ಮರ. 1966ರಲ್ಲಿ ಅಮೆರಿಕದಲ್ಲಿ ಒಂದು ಚೀನಾ ಮರದಿಂದ ಕ್ಯಾಂಪ್ಟೊಥೆಸಿನ್ ಅನ್ನುವ ವಸ್ತುವನ್ನು ಬೇರ್ಪಡಿಸಿದರು. ಕ್ಯಾನ್ಸರ್ ಔಷಧಿಗಳಿಗೆ ಅದು ಮೂಲ ಆಯಿತು. 1972ರಲ್ಲಿ ಭಾರತದ ರಸಾಯನ ವಿಜ್ಞಾನಿಗಳು ಅದೇ ವಸ್ತು ನಮ್ಮ ಈ ನಾರುವ ಮರದಲ್ಲೂ ಇದೆ, ಅದೂ ಹೆಚ್ಚಾಗಿ ಇದೆ ಅಂತ ತೋರಿಸಿದರು. ತಗೊಳ್ರಿ, ಆಮೇಲೆ ಈ ಗಡಿ ಕಾಡುಗಳಲ್ಲಿ ರಾತ್ರಿ ಟ್ರಕ್ ಓಡಲು ಶುರು. ಮರದ ಬುಡದ ಸಮೇತ ಕಿತ್ತು ಒಯ್ದರು. ಬೆಳಗಾವಿಯ ನೆಹರು ನಗರದಲ್ಲಿ ಐಸಿಎಂಆರ್‌ನ ಸಾಂಪ್ರದಾಯಿಕ ವೈದ್ಯ ಸಂಶೋಧನಾ ಸಂಸ್ಥೆ ಇದೆ, 2006ರಲ್ಲಿ ಶುರುವಾದದ್ದು. ಅಲ್ಲಿನ ವಿಜ್ಞಾನಿಗಳು ಈ ಮರದ ಮೇಲೆ ಕೆಲಸ ಮಾಡಿದ್ದಾರೆ. ಯಾವ ಮರದಲ್ಲಿ ಎಷ್ಟು ಔಷಧಿ ಇದೆ, ಹೇಗೆ ಬೆಳೆಸಬಹುದು ಅಂತ. ಹೊರಗಿನವರಿಗೆ ಬೇಕಾದ ದಿನವೇ ಒಂದು ಮರಕ್ಕೆ ಬೆಲೆ ಬರುತ್ತದೆ, ಅದೇ ದಿನ ಅದರ ಆಪತ್ತೂ ಶುರುವಾಗುತ್ತದೆ.

ಈಗ ನೀರು. ಇದು ಸೂಕ್ಷ್ಮ ವಿಷಯ, ಗೊತ್ತು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಪೂರ್ವಕ್ಕೆ ಹರಿಯುತ್ತಾಳೆ, ಸವದತ್ತಿಯ ನವಿಲುತೀರ್ಥ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ. ಅಲ್ಲಿಂದ ದೂರವೇನಿಲ್ಲ, ದೇಗಾಂವದ ಹತ್ತಿರ ಮಹದಾಯಿ ಹುಟ್ಟಿ ಪಶ್ಚಿಮಕ್ಕೆ, ಗೋವಾದಲ್ಲಿ ಮಾಂಡವಿಯಾಗಿ ಸಮುದ್ರಕ್ಕೆ. ಒಂದೇ ಗುಡ್ಡಸಾಲಿನ ಮಳೆ, ಎರಡು ದಿಕ್ಕು. ಕಳಸಾ-ಬಂಡೂರಿ ಅಂದ್ರೆ ಆ ಪಶ್ಚಿಮದ ಹಳ್ಳಗಳ ನೀರನ್ನು ಪೂರ್ವಕ್ಕೆ ತಿರುಗಿಸುವುದು. 2015ರಲ್ಲಿ ನರಗುಂದದಲ್ಲಿ ರೈತರು ಹೋರಾಟಕ್ಕೆ ಕೂತರು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ತೀರ್ಪು ಕೊಟ್ಟಿತು, ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ. ನನ್ನ ತಾಯಿಯ ಕಡೆಯವರು ನವಲಗುಂದದವರು. ಬೇಸಿಗೆಯಲ್ಲಿ ಅಲ್ಲಿ ಕೊಡ ಹಿಡಿದು ನಿಲ್ಲುವುದನ್ನು ಕಂಡಿದ್ದೇನೆ, ಹಂಗಾಗಿ ಆ ಹೋರಾಟವನ್ನು ಹಗುರ ಮಾಡುವ ಬಾಯಿ ನನಗಿಲ್ಲ. ಆದರೆ ಖಾನಾಪುರದ ಕಾಡಿನವರನ್ನು ಈ ಇಡೀ ಜಗಳದಲ್ಲಿ ಯಾರು ಮಾತಾಡಿಸಿದರು? ಕೆಳಗಿನ ಬಯಲಿಗೆ ಮಳೆ ಕರೆಯುವ ಮೇಲಿನ ಕಾಡು, ಮತ್ತು ಲೆಕ್ಕಕ್ಕೇ ಬಾರದ ನಡುವಿನ ಜನ. ಟೊಬ್ಯಾಗೊದ ಆ ಕಾನೂನು ನನಗೆ ನೆನಪಾಗೋದು ಇಲ್ಲೇ.

ವನ್ಯಜೀವಿಧಾಮದ ಗೆರೆಯೊಳಗೆ ಹದಿಮೂರು ಹಳ್ಳಿಗಳು. ಗವಳಿ, ಕೊಂಗಳಾ, ಪಾಸ್ತೋಳಿ, ಕೃಷ್ಣಾಪುರ, ಆಮಗಾಂವ, ತಳೇವಾಡಿ... ಹೆಚ್ಚಿನವರ ಮನೆಮಾತು ಮರಾಠಿ, ಕೊಂಕಣಿ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ರೋಗಿಯನ್ನು ಹೆಗಲ ಮೇಲೆ ಹೊತ್ತು ಕಿಲೋಮೀಟರುಗಟ್ಟಲೆ ನಡೆಯಬೇಕು. ಶಾಲೆ ಇದ್ದರೆ ಮಾಸ್ತರ ಬರೋದು ಕಷ್ಟ. ಡಾಂಬರು ರಸ್ತೆ ಕೇಳಿದರೆ ಕಾಯ್ದೆ ಅಡ್ಡ ಬರುತ್ತದೆ. ಹೊರಗೆ ಹೋಗ್ತೀವಿ, ಏನಾದರೂ ಮಾಡಿ ಅಂತ ಕೆಲವು ಊರಿನವರೇ ಕೇಳಿಕೊಂಡರು. ಮೊದಲು ಒಪ್ಪಿದ್ದು ತಳೇವಾಡಿ. 27 ಕುಟುಂಬಗಳು, ತಲಾ 15 ಲಕ್ಷ ರೂಪಾಯಿ ಪರಿಹಾರ. 2025ರಲ್ಲಿ ಅರಣ್ಯ ಸಚಿವರೇ ಬಂದು ಚೆಕ್ ಕೊಟ್ಟರು.

ಇದನ್ನು ಓಡಿಸಿದರು ಅಂತ ನಾನು ಹೇಳೋದಿಲ್ಲ, ಒಪ್ಪಿಯೇ ಹೊರಟವರು. ಆಸ್ಪತ್ರೆ ಹತ್ತಿರ ಇರಬೇಕು ಅನ್ನುವ ತಾಯಿಗೆ ನಗರದಲ್ಲಿ ಕೂತ ನಾನು ಕಾಡಿನ ಸೌಂದರ್ಯ ಬೋಧಿಸಲೇನು? ಆದರೂ ಒಂದು ಕೊರೆಯುತ್ತದೆ. ಒಮ್ಮೆ ಹೆಮ್ಮಡಗಾದಲ್ಲಿ ಚಹಾ ಕುಡಿಯುವಾಗ ಆ ಕಡೆಯ ಹಿರಿಯರೊಬ್ಬರು ಜೊತೆಗೆ ಕೂತಿದ್ದರು. ಗವಿಯ ಮಾತು ಬಂತು. ಸಾಯಬರು ಬಾವಲಿ ಹುಡುಕಿದರು ಅಂತ ನಾನು ಓದಿದ್ದನ್ನು ಹೇಳಿದೆ. ಅವರು ನಕ್ಕರು. ಕತ್ತಲ ಗವಿಗೆ ದಾರಿ ತೋರಿಸಿದವರು ಯಾರಿರಬೇಕು ಅಂತ ನನ್ನನ್ನೇ ಕೇಳಿದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಬಾವಲಿಯ ಹೆಸರಿನಲ್ಲಿ ರಾಟನ್ ಇದ್ದಾರೆ. ಕುಲದ ಮುಂದೆ ಥಾಮಸ್ ಇದ್ದಾರೆ. ಪಂಜು ಹಿಡಿದು ಮುಂದೆ ನಡೆದವನ ಹೆಸರು ಯಾವ ಚೀಟಿಯಲ್ಲೂ ಇಲ್ಲ.

ಅವರು ಆಮೇಲೆ ಯಾವ ಹಣ್ಣು ಯಾವ ತಿಂಗಳು ಬೀಳುತ್ತದೆ, ಮಂಗಟ್ಟೆ ಯಾವ ಮರದ ಪೊಟರೆಯಲ್ಲಿ ಹೆಣ್ಣನ್ನು ಕೂಡಿಹಾಕಿ ಗೂಡು ಕಟ್ಟುತ್ತದೆ, ಯಾವ ಹಳ್ಳ ಮೇ ತಿಂಗಳಲ್ಲೂ ಬತ್ತೋದಿಲ್ಲ ಅಂತ ಬೆರಳು ಮಡಚಿ ಮಡಚಿ ಹೇಳುತ್ತಾ ಹೋದರು. ಅರ್ಧ ಮರಾಠಿ, ಅರ್ಧ ಕನ್ನಡ. ಫೋನ್ ತೆಗೆದು ರೆಕಾರ್ಡ್ ಮಾಡಿಕೊಳ್ಳಬೇಕಿತ್ತು. ಚಾರ್ಜ್ ಇರಲಿಲ್ಲ. ಒಂದು ಸಿಗರೇಟ್ ಪಾಕೀಟಿನ ಹಿಂದೆ ಹನ್ನೊಂದು ಗಿಡಗಳ ಹೆಸರು ಬರೆದುಕೊಂಡೆ. ಅದರಲ್ಲಿ ನಾಲ್ಕು ಯಾವ ಗಿಡ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ತಳೇವಾಡಿ, ಗವಳಿ, ಹೆಮ್ಮಡಗಾ ಕಡೆಯವರು ಯಾರಾದರೂ ಈ ಸಂಚಿಕೆ ಕೇಳುತ್ತಿದ್ದರೆ ದಯವಿಟ್ಟು ಬರೆಯಿರಿ. ಆ ನಾಲ್ಕು ಹೆಸರುಗಳನ್ನು ಈಗ ಓದುತ್ತೇನೆ, ನನ್ನ ಅಕ್ಷರ ನನಗೇ ತಿಳಿಯುವ ಮಟ್ಟಿಗೆ.